ಏಳನೇ ಹಾಸಿಗೆಗೆ ಹೋದ ಹನ್ನೊಂದನೇ ಹಾಸಿಗೆಯ ರಕ್ತ

ಇದು ನಾನು ಕೆಲಸ ಮಾಡುತ್ತಿದ್ದ ಹೆರಿಗೆ ವಾರ್ಡಿನಲ್ಲಿ ನಡೆದ ಪ್ರಕರಣ. ಒಬ್ಬ ಬಾಣಂತಿಗೆ ಬೇರೆ ಗುಂಪಿನ ರಕ್ತ ಹೋಯಿತು. ಹೋದದ್ದು ಸುಮಾರು 26 ಮಿಲಿ, ಎರಡು ದೊಡ್ಡ ಚಮಚಕ್ಕಿಂತ ಕಡಿಮೆ. ಆ ರಕ್ತದ ಚೀಟಿಯ ಮೇಲೆ ಪರಿಶೀಲಿಸಿದ್ದೇವೆ ಅಂತ ಇಬ್ಬರು ನರ್ಸ್‌ಗಳ ಸಹಿ ಇತ್ತು. ಎರಡನೇ ಸಹಿ ನನ್ನದು.

ಆಸ್ಪತ್ರೆಯ ಹೆಸರು, ಊರು, ಆ ತಾಯಂದಿರ ಹೆಸರು ಬರೆಯುವುದಿಲ್ಲ. ಹಾಸಿಗೆ ನಂಬರಿನಿಂದ ಕರೆಯುತ್ತೇನೆ. ವಾರ್ಡಿನಲ್ಲಿ ರೋಗಿಯನ್ನು ನಂಬರಿನಿಂದ ಕರೆಯುವುದು ನನಗೆ ಇಷ್ಟವಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ತಿಳಿಯುತ್ತದೆ.

ಒಂದೇ ಹೆಸರು, ಎರಡು ಗುಂಪು

ಆ ದಿನ 28 ಹಾಸಿಗೆಯೂ ತುಂಬಿದ್ದವು. ರಾತ್ರಿ ಪಾಳಿಗೆ ನಾವು ಇಬ್ಬರೇ. ನಾನು ಮತ್ತು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಒಬ್ಬ ಹುಡುಗಿ. ಅವಳನ್ನು ಇಲ್ಲಿ ತಂಗಿ ಅನ್ನುತ್ತೇನೆ. ವಾರ್ಡಿನಲ್ಲೂ ಹಾಗೇ ಕರೆಯುತ್ತಿದ್ದೆ.

7ನೇ ಹಾಸಿಗೆಯಲ್ಲಿ 24 ವರ್ಷದ ಬಾಣಂತಿ. ಸಿಸೇರಿಯನ್ ಆಗಿ ಎರಡನೇ ದಿನ. ಹಿಮೋಗ್ಲೋಬಿನ್ 6.4. ಗುಂಪು ಓ ಪಾಸಿಟಿವ್. 11ನೇ ಹಾಸಿಗೆಯಲ್ಲಿ 27 ವರ್ಷದವರು. ಅವರದು ನಾರ್ಮಲ್ ಹೆರಿಗೆ. ಆದರೆ ಹೆರಿಗೆಯಾದ ಮೇಲೆ ರಕ್ತ ಜಾಸ್ತಿ ಹೋಗಿತ್ತು. ಹಿಮೋಗ್ಲೋಬಿನ್ 6.8. ಗುಂಪು ಬಿ ಪಾಸಿಟಿವ್. ಇಬ್ಬರಿಗೂ ಒಂದೊಂದು ಬಾಟಲಿ ಪ್ಯಾಕ್ಡ್ ಸೆಲ್, ಅಂದರೆ ಪ್ಲಾಸ್ಮಾ ತೆಗೆದು ಕೆಂಪು ಕಣ ಉಳಿಸಿಕೊಂಡ ರಕ್ತ, ಬರೆದಿದ್ದರು. ಈಗೆಲ್ಲ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಆದರೂ ನಮ್ಮ ಜನರ ಬಾಯಲ್ಲಿ ಅದು ಇನ್ನೂ ಬಾಟಲಿಯೇ.

ಇಬ್ಬರ ಹೆಸರೂ ಒಂದೇ. ನಮ್ಮ ಕಡೆ ಬೀದಿಗೆ ಇಬ್ಬರಿಗಾದರೂ ಇರುವಂಥ ಹೆಸರು.

ಮಧ್ಯಾಹ್ನದ ಪಾಳಿಯವರು ಇಬ್ಬರಿಂದಲೂ ರಕ್ತದ ಸ್ಯಾಂಪಲ್ ತೆಗೆದಿದ್ದರು. ಆ ಕೆಲಸ ಸರಿಯಾಗಿಯೇ ನಡೆದಿತ್ತು. ಒಬ್ಬರದು ತೆಗೆದು, ಅದೇ ಹಾಸಿಗೆ ಪಕ್ಕದಲ್ಲಿ ನಿಂತು ಟ್ಯೂಬಿನ ಮೇಲೆ ಹೆಸರು, ಐಪಿ ನಂಬರ್ (ಆಸ್ಪತ್ರೆಗೆ ದಾಖಲಾದಾಗ ಕೊಡುವ ನಂಬರ್), ದಿನಾಂಕ, ಸಮಯ ಬರೆದು, ಆಮೇಲೆ ಇನ್ನೊಬ್ಬರ ಬಳಿ ಹೋಗಿದ್ದರು. ಎಷ್ಟೋ ಕಡೆ ಮೊದಲೇ ಟ್ಯೂಬಿಗೆ ಚೀಟಿ ಅಂಟಿಸಿ ಟ್ರೇಯಲ್ಲಿ ಸಾಲಾಗಿ ಇಟ್ಟುಕೊಂಡು ಹೊರಡುತ್ತಾರೆ. ಹಾಗೆ ಮಾಡಿದರೆ ಒಬ್ಬರ ರಕ್ತ ಇನ್ನೊಬ್ಬರ ಟ್ಯೂಬಿಗೆ ಹೋಗುತ್ತದೆ. ಆಮೇಲೆ ಬ್ಲಡ್ ಬ್ಯಾಂಕಿನವರು ಎಷ್ಟೇ ಜಾಗ್ರತೆಯಿಂದ ಪರೀಕ್ಷೆ ಮಾಡಿದರೂ ಉತ್ತರ ತಪ್ಪೇ ಬರುತ್ತದೆ. ನಮ್ಮಲ್ಲಿ ಅಂಥದ್ದು ಆಗಲಿಲ್ಲ.

ಸಂಜೆ ಪಾಳಿಯವರು ಹ್ಯಾಂಡ್‌ಓವರ್ ಕೊಡುವಾಗ ಹೇಳಿದ ಮಾತು ಹೀಗಿತ್ತು: "ಇವರಿಗೆ ಬ್ಲಡ್ ಹಾಕಬೇಕು, ಬರುತ್ತೆ. ಲೈನ್ ರೆಡಿ ಇದೆ, ಹಸಿರು ಕ್ಯಾನುಲಾ ಹಾಕಿದೀವಿ." ಹೇಳಿದ್ದು ಬರೀ ಹೆಸರು. ಕ್ಯಾನುಲಾ ಅಂದರೆ ನರಕ್ಕೆ ಹಾಕಿಡುವ ಸಣ್ಣ ಕೊಳವೆ, ಹಸಿರು ಅಂದರೆ 18 ಗೇಜಿನದು. ಅದು ಇದ್ದದ್ದು 7ನೇ ಹಾಸಿಗೆಯವರ ಕೈಯಲ್ಲಿ. ತಂಗಿಯ ತಲೆಯಲ್ಲಿ ಆ ಹೆಸರು ಮತ್ತು ಆ ಕೈ ಒಂದಾಗಿ ಕೂತುಬಿಟ್ಟವು.

ರಾತ್ರಿ 9.37ರಿಂದ 10.18

ಬ್ಲಡ್ ಬ್ಯಾಂಕ್ ಆಸ್ಪತ್ರೆಯ ಹಳೇ ಕಟ್ಟಡದಲ್ಲಿತ್ತು. 9.37ಕ್ಕೆ ಅಲ್ಲಿಂದ ಚೀಲ ಕೊಟ್ಟಿದ್ದಾರೆ, ರಿಜಿಸ್ಟರಿನಲ್ಲಿದೆ. ತಂದವರು 11ನೇ ಹಾಸಿಗೆಯವರ ಗಂಡ. ಥರ್ಮೋಕೋಲ್ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಂದರು. ಬಂದವರೇ ಹೆಂಡತಿಯ ಹೆಸರು ಹೇಳಿ, "ಇವರ ಬ್ಲಡ್ ತಂದಿದೀನಿ ಸಿಸ್ಟರ್. ತುಂಬಾ ತಣ್ಣಗಿದೆ. ಬಿಸಿನೀರಲ್ಲಿ ಸ್ವಲ್ಪ ಇಡ್ಲಾ?" ಅಂದರು. ಬೇಡ ಅಂದೆ. ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಕೆಲವರು ಕೇಳದೆಯೇ ಕಂಕುಳಲ್ಲಿ ಇಟ್ಟುಕೊಂಡು ಬಂದಿರುತ್ತಾರೆ, ಪ್ರೀತಿಯಿಂದಲೇ. ಆದರೆ ಬಿಸಿನೀರು ತಗಲಿದರೆ ಕೆಂಪು ರಕ್ತಕಣ ಚೀಲದಲ್ಲೇ ಒಡೆಯುತ್ತವೆ. ನಿಧಾನವಾಗಿ ಹೋಗುವ ರಕ್ತಕ್ಕೆ ಬಿಸಿ ಬೇಕಿಲ್ಲ.

ಅವರನ್ನು ಹೊರಗೆ ಕೂರಲು ಹೇಳಿದೆ. ರಾತ್ರಿ ಹೊತ್ತು ಗಂಡಸರನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಅವರು ಒಳಗೆ ಬಂದು ಹೆಂಡತಿಯ ಪಕ್ಕ ನಿಂತಿದ್ದರೆ ಅಂತ ಆಮೇಲೆ ನೂರು ಸಲ ಅಂದುಕೊಂಡಿದ್ದೇನೆ.

9.55ಕ್ಕೆ ನಾನು, ತಂಗಿ ಮೇಜಿನ ಬಳಿ ಕೂತು ಚೆಕ್ ಮಾಡಿದೆವು. ಚೀಲದ ನಂಬರ್, ಕ್ರಾಸ್‌ಮ್ಯಾಚ್ (ರೋಗಿಯ ರಕ್ತಕ್ಕೆ ಚೀಲದ ರಕ್ತ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ರಿಪೋರ್ಟಿನ ನಂಬರ್, ಎರಡೂ ಒಂದೇ. ಗುಂಪು ಬಿ ಪಾಸಿಟಿವ್, ಎರಡರಲ್ಲೂ. ಅವಧಿ ಮುಗಿದಿಲ್ಲ. ಬಣ್ಣ ಸರಿಯಾಗಿದೆ, ಗಡ್ಡೆ ಇಲ್ಲ, ಸೋರಿಲ್ಲ. ಕೇಸ್ ಶೀಟ್ ತೆಗೆದೆವು. 11ನೇ ಹಾಸಿಗೆಯವರ ಕೇಸ್ ಶೀಟೇ ಅದು. ಹೆಸರು, ಐಪಿ ನಂಬರ್, ಗುಂಪು ಎಲ್ಲವೂ ಕೂಡಿದವು. ನಾನು ಜೋರಾಗಿ ಓದಿದೆ, ತಂಗಿ ನೋಡಿದಳು. ಇಬ್ಬರೂ ಸಹಿ ಹಾಕಿದೆವು.

ಇಲ್ಲಿಯವರೆಗೆ ಒಂದು ತಪ್ಪೂ ಇಲ್ಲ, ಅಲ್ವಾ? ಕಾಗದ ಕಾಗದಕ್ಕೆ ಸರಿಹೊಂದಿತ್ತು. ಆದರೆ ಆ ಮೇಜಿನ ಬಳಿ ರೋಗಿ ಇರಲಿಲ್ಲ. ರಕ್ತ ಹೋಗುವುದು ಕೇಸ್ ಶೀಟಿಗಲ್ಲ. ನಾವು ಮಾಡಿದ್ದು ಬ್ಲಡ್ ಬ್ಯಾಂಕಿನವರು ಆಗಲೇ ಮಾಡಿದ್ದ ಕೆಲಸವನ್ನೇ. ನಮ್ಮ ಪಾಲಿಗೆ ಉಳಿದಿದ್ದ ಕೆಲಸ ಒಂದೇ ಒಂದು: ಈ ಚೀಲ ಈ ಮನುಷ್ಯರದ್ದೇನಾ ಅಂತ ನೋಡುವುದು. ಅದನ್ನು ನಾನು ಮಾಡಲಿಲ್ಲ. ಅಷ್ಟರಲ್ಲಿ ಲೇಬರ್ ರೂಮಿನಿಂದ ಕರೆ ಬಂತು. "ನೀನು ಶುರು ಮಾಡು, ಬರ್ತೀನಿ" ಅಂದು ಎದ್ದೆ.

ತಂಗಿಗೆ ಇನ್ನೊಂದು ಗಡಿಬಿಡಿ ಇತ್ತು. ಬ್ಲಡ್ ಬ್ಯಾಂಕಿನಿಂದ ಬಂದ ರಕ್ತವನ್ನು ಅರ್ಧ ಗಂಟೆಯೊಳಗೆ ಶುರು ಮಾಡಬೇಕು ಅಂತ ನಮಗೆಲ್ಲ ಕಲಿಸಿದ್ದಾರೆ. ಸರಿಯೇ. ಆದರೆ ಆ ಅರ್ಧ ಗಂಟೆ ಮುಖ್ಯವಾಗಿ ವಾಪಸ್ ಕೊಡುವುದಕ್ಕೆ ಸಂಬಂಧಿಸಿದ್ದು. ಹೊರಗೆ ಅರ್ಧ ಗಂಟೆಗಿಂತ ಹೆಚ್ಚು ಇದ್ದ ಚೀಲವನ್ನು ಮತ್ತೆ ಬ್ಲಡ್ ಬ್ಯಾಂಕಿನ ಫ್ರಿಜ್‌ಗೆ ಸೇರಿಸಿ ಇನ್ನೊಬ್ಬರಿಗೆ ಕೊಡುವಂತಿಲ್ಲ. ರೋಗಿಗೆ ಹಾಕುವುದು ನಾಲ್ಕು ಗಂಟೆಯೊಳಗೆ ಮುಗಿದರೆ ಆಯಿತು. ಹಾಸಿಗೆ ಪಕ್ಕದಲ್ಲಿ ಹೆಸರು ಕೇಳಿ ಕೈಪಟ್ಟಿ ಓದಲು ಬೇಕಾದದ್ದು ಎರಡೇ ನಿಮಿಷ. ಆ ಎರಡು ನಿಮಿಷದಿಂದ ಯಾವ ರಕ್ತವೂ ಕೆಡುವುದಿಲ್ಲ.

ಅವಳು 7ನೇ ಹಾಸಿಗೆಗೆ ಹೋದಳು. ಹೆಸರು ಹೇಳಿ, "ನೀವೇ ಅಲ್ವಾ ಅಕ್ಕ?" ಅಂದಳು. ಆ ತಾಯಿ ಅರೆನಿದ್ದೆಯಲ್ಲಿ "ಹೂಂ" ಅಂದರು.

ನಮ್ಮ ಜನ ಆಸ್ಪತ್ರೆಯಲ್ಲಿ ಎಲ್ಲಕ್ಕೂ ಹೂಂ ಅನ್ನುತ್ತಾರೆ. ಊಟ ಆಯ್ತಾ ಅಂದರೆ ಹೂಂ. ನೋವು ಕಡಿಮೆ ಆಯ್ತಾ ಅಂದರೆ ಹೂಂ. ಬಿಳಿ ಬಟ್ಟೆಯವರ ಎದುರು ಇಲ್ಲ ಅನ್ನಲು ಸಂಕೋಚ. "ಅಲ್ವಾ" ಅಂತ ಮುಗಿಯುವ ಪ್ರಶ್ನೆಯಲ್ಲಿ ಉತ್ತರವನ್ನು ನಾವೇ ಕೊಟ್ಟಿರುತ್ತೇವೆ, ಅವರು ತಲೆ ಆಡಿಸುತ್ತಾರೆ ಅಷ್ಟೇ. "ನಿಮ್ಮ ಹೆಸರೇನು?" ಅಂತಲೇ ಕೇಳಬೇಕು. ಈ ಪ್ರಕರಣದಲ್ಲಿ ಅದೂ ಸಾಲುತ್ತಿರಲಿಲ್ಲ, ಹೆಸರು ಒಂದೇ ಆಗಿತ್ತಲ್ಲ. ಅದಕ್ಕೇ ಎರಡನೇ ಗುರುತು ಬೇಕು. ಐಪಿ ನಂಬರ್ ಇರುವ ಕೈಪಟ್ಟಿ ಅದಕ್ಕಾಗಿಯೇ ಇರುವುದು. ಆದರೆ 7ನೇ ಹಾಸಿಗೆಯವರ ಕೈಯಲ್ಲಿ ಪಟ್ಟಿ ಇರಲಿಲ್ಲ. ಆಪರೇಷನ್ ದಿನ ಕ್ಯಾನುಲಾ ಹಾಕಲು ಅಡ್ಡ ಬಂತು ಅಂತ ಯಾರೋ ಕತ್ತರಿಸಿ ಮಂಚದ ಕಂಬಿಗೆ ಕಟ್ಟಿದ್ದರು. ಕಂಬಿಗೆ ಕಟ್ಟಿದ ಪಟ್ಟಿ ಮಂಚದ ಗುರುತು ಹೇಳುತ್ತದೆ, ರೋಗಿಯದ್ದಲ್ಲ.

10.05ಕ್ಕೆ ರಕ್ತ ಶುರುವಾಯಿತು. ಅದಕ್ಕೆ ಮೊದಲು ತಂಗಿ ಜ್ವರ, ನಾಡಿ, ಬಿಪಿ ನೋಡಿ ಬರೆದಿದ್ದಳು: 98.4, 96, 110/70. ನಿಮಿಷಕ್ಕೆ ಸುಮಾರು 40 ಹನಿಗೆ ಬಿಟ್ಟಿದ್ದಳು. ನಮ್ಮ ಬ್ಲಡ್ ಸೆಟ್‌ನಲ್ಲಿ 20 ಹನಿಗೆ ಒಂದು ಮಿಲಿ. ಅಂದರೆ ನಿಮಿಷಕ್ಕೆ ಎರಡು ಮಿಲಿ. ಈ ಎರಡು ಕೆಲಸವನ್ನು ಅವಳು ಚೆನ್ನಾಗಿ ಮಾಡಿದ್ದಳು. ಆ ತಾಯಿ ಉಳಿದದ್ದು ಇದರಿಂದ. ಇದನ್ನು ನಾನು ವಿಚಾರಣೆಯಲ್ಲೂ ಹೇಳಿದೆ.

ಆದರೆ ಹಾಸಿಗೆ ಪಕ್ಕದಲ್ಲಿ ಅವಳು ನಿಲ್ಲಲಿಲ್ಲ. ಮೊದಲ 15 ನಿಮಿಷ ಅಲ್ಲೇ ಇರಬೇಕಿತ್ತು. 19ನೇ ಹಾಸಿಗೆಯ ಮಗು ಹಾಲು ಕುಡಿಯುತ್ತಿಲ್ಲ ಅಂತ ಯಾರೋ ಕರೆದರು, ಹೋದಳು.

10.12ರ ಹೊತ್ತಿಗೆ ಆ ತಾಯಿ ತಮ್ಮ ಅಮ್ಮನಿಗೆ ಕೈ ಉರೀತಿದೆ ಅಂದರಂತೆ. ಆಮೇಲೆ ಚಳಿ. ಆಮೇಲೆ ಸೊಂಟ ಒಡೆದು ಹೋಗುವಂಥ ನೋವು. ಆ ಅಮ್ಮ ಓಡಿ ಬಂದು, "ಸಿಸ್ಟರಮ್ಮ, ನನ್ ಮಗ್ಳು ಗಡಗಡ ನಡುಗ್ತವ್ಳೆ, ಬನ್ನಿ" ಅಂದರು. ತಂಗಿ ಹೋಗಿ ನೋಡಿದಳು. ಕಂಬಳಿ ಹೊದಿಸಿದಳು. ಅಲರ್ಜಿಗೆ ಕೊಡುವ ಏವಿಲ್ ಇಂಜೆಕ್ಷನ್ ತರಲು ಮೇಜಿನ ಬಳಿ ಬಂದಳು. ನಾನು ಆಗ ತಾನೇ ಲೇಬರ್ ರೂಮಿನಿಂದ ಬಂದು ಕೈ ತೊಳೆಯುತ್ತಿದ್ದೆ.

"ಏನಾಯ್ತು?" ಅಂದೆ.

"ಬ್ಲಡ್ ಹಾಕಿದವರಿಗೆ ಚಳಿ ಬಂದಿದೆ ಅಕ್ಕ. ಸೊಂಟ ನೋವು ಅಂತಿದಾರೆ. ಆಪರೇಷನ್‌ಗೆ ಬೆನ್ನಿಗೆ ಸ್ಪೈನಲ್ ಕೊಟ್ಟಿದ್ರಲ್ಲ, ಅದಕ್ಕೇ ಇರಬೇಕು."

"ಬ್ಲಡ್ ನಿಲ್ಲಿಸಿದೀಯಾ?"

ಅವಳು ಮಾತಾಡಲಿಲ್ಲ. ನಾನು ಓಡಿದೆ. 11ನೇ ಹಾಸಿಗೆಯ ಕಡೆಗೆ ಓಡಿದೆ. ಅಲ್ಲಿ ಆ ತಾಯಿ ನೆಮ್ಮದಿಯಾಗಿ ಮಲಗಿದ್ದರು, ಕೈಯಲ್ಲಿ ಏನೂ ಇರಲಿಲ್ಲ. ತಿರುಗಿದಾಗ 7ನೇ ಹಾಸಿಗೆಯ ಮೇಲೆ ಕೆಂಪು ಚೀಲ ತೂಗುತ್ತಿರುವುದು ಕಂಡಿತು.

10.18ಕ್ಕೆ ರಕ್ತದ ಕೊಳವೆಯ ಕ್ಲಾಂಪ್ ಮುಚ್ಚಿದೆ.

ಬಾಣಂತಿಯಲ್ಲಿ ಇದು ಯಾಕೆ ಕಣ್ಣು ತಪ್ಪಿಸುತ್ತದೆ

ತಂಗಿ ಯೋಚಿಸಿದ್ದು ಹುಚ್ಚು ಯೋಚನೆಯಲ್ಲ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರು ಈ ಭಾಗವನ್ನು ನಿಧಾನವಾಗಿ ಓದಬೇಕು ಅಂತ ನನ್ನ ಆಸೆ.

ತಪ್ಪು ಗುಂಪಿನ ರಕ್ತ ಹೋದಾಗ ಬರುವ ಲಕ್ಷಣಗಳೆಲ್ಲ ಬಾಣಂತಿಯಲ್ಲಿ ಬೇರೆ ಕಾರಣಕ್ಕೂ ಬರುತ್ತವೆ. ಸೊಂಟ ನೋವು ಬಂದರೆ ಸ್ಪೈನಲ್ ಇಂಜೆಕ್ಷನ್ ನೆನಪಾಗುತ್ತದೆ. ಚಳಿ ಜ್ವರ ಬಂದರೆ ಹಾಲು ಕಟ್ಟಿದೆ ಅನ್ನುತ್ತೇವೆ. ನಾಡಿ ಜೋರಾದರೆ ರಕ್ತ ಕಡಿಮೆ ಇದೆಯಲ್ಲ ಅನ್ನುತ್ತೇವೆ. ಹೊಟ್ಟೆ ನೋವು ಅಂದರೆ ಗರ್ಭಕೋಶ ಹಿಂಡುತ್ತಿದೆ ಅನ್ನುತ್ತೇವೆ. ಮೂತ್ರ ಕೆಂಪಾದರೂ ಹೆರಿಗೆ ನಂತರ ಹೋಗುವ ರಕ್ತ ಬೆರೆತಿರಬೇಕು ಅಂದುಕೊಳ್ಳುತ್ತೇವೆ. ಒಂದೊಂದಕ್ಕೂ ಒಂದೊಂದು ಸಮಾಧಾನ ಸಿಗುತ್ತದೆ. ರಕ್ತ ಮಾತ್ರ ಹನಿಯುತ್ತಲೇ ಇರುತ್ತದೆ.

ಅದಕ್ಕೇ ಕ್ರಮ ತಿರುಗಿಸಬೇಕು. ರಕ್ತ ಹೋಗುತ್ತಿರುವಾಗ ಏನೇ ಹೊಸದು ಕಂಡರೂ ಮೊದಲು ನಿಲ್ಲಿಸಿ. ಕಾರಣ ಹುಡುಕುವುದು ಆಮೇಲೆ. ಸುಮ್ಮನೆ ನಿಲ್ಲಿಸಿದೆವು ಅಂತಾದರೆ ಹೋಗುವುದು ಹತ್ತು ನಿಮಿಷ. ರೋಗಿ "ಏನೋ ಆಗ್ತಿದೆ, ಭಯ ಆಗ್ತಿದೆ" ಅಂದರೆ ಸಾಕು, ಅದೂ ಒಂದು ಲಕ್ಷಣವೇ. 7ನೇ ಹಾಸಿಗೆಯವರು ನಾನು ಹೋದಾಗ ನನ್ನ ಸೆರಗು ಹಿಡಿದು ಹೇಳಿದ್ದು ಅದೇ ಮಾತು.

ಏವಿಲ್ ಬಗ್ಗೆಯೂ ಹೇಳಬೇಕು. ನಮ್ಮ ಎಷ್ಟೋ ವಾರ್ಡುಗಳಲ್ಲಿ ರಕ್ತ ಹಾಕುವ ಮೊದಲೇ ಎಲ್ಲರಿಗೂ ಏವಿಲ್, ಹೈಡ್ರೋಕಾರ್ಟಿಸೋನ್ ಕೊಡುವ ಅಭ್ಯಾಸ ಇದೆ. ಹಿಂದೆ ರಿಯಾಕ್ಷನ್ ಆಗಿದ್ದವರಿಗೆ ಡಾಕ್ಟರು ಬರೆದರೆ ಬೇರೆ ಮಾತು. ಎಲ್ಲರಿಗೂ ಕೊಡುವುದರಿಂದ ಪ್ರಯೋಜನ ಇಲ್ಲ. ಇಂಥ ತಪ್ಪು ರಕ್ತದ ಹಾವಳಿಯನ್ನು ಅದು ತಡೆಯುವುದೂ ಇಲ್ಲ. "ಇಂಜೆಕ್ಷನ್ ಕೊಟ್ಟಿದೀವಲ್ಲ" ಅನ್ನುವ ಧೈರ್ಯ ಮಾತ್ರ ನಮಗೆ ಬರುತ್ತದೆ. ಆ ಧೈರ್ಯ ಅಪಾಯ.

ಒಳಗೆ ಆಗುವುದೇನು? ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಅಂತ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿದರು. ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಓ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯಗಳು ಹುಟ್ಟಿನ ಮೊದಲ ತಿಂಗಳುಗಳಿಂದಲೇ ತಯಾರಾಗುತ್ತವೆ. ಹಿಂದೆ ಯಾವತ್ತೂ ರಕ್ತ ಹಾಕಿಸಿಕೊಂಡಿರಬೇಕು ಅಂತೇನಿಲ್ಲ. ಹಾಗಾಗಿ ಬಿ ಗುಂಪಿನ ಕಣಗಳು ಒಳಗೆ ಬಂದ ಕ್ಷಣವೇ ಆ ಪ್ರತಿಕಾಯಗಳು ಅವುಗಳ ಮೇಲೆ ಬೀಳುತ್ತವೆ, ಕಣಗಳು ರಕ್ತನಾಳದಲ್ಲೇ ಒಡೆಯುತ್ತವೆ. ಒಡೆದ ಕಣದ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಬಿಪಿ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟು, ಗಾಯದಿಂದ, ಗರ್ಭಕೋಶದಿಂದ ನಿಲ್ಲದಂತೆ ರಕ್ತ ಹೋಗಬಹುದು. ಎರಡು ದಿನದ ಬಾಣಂತಿಗೆ ಇದಕ್ಕಿಂತ ಕೆಟ್ಟದ್ದು ಬೇಕಾ? ಹೋದ ರಕ್ತ ಎಷ್ಟು ಅನ್ನುವುದರ ಮೇಲೆ ಹಾನಿ ನಿಂತಿದೆ. 40 ಹನಿಯ ಬದಲು ಪೂರ್ತಿ ತೆರೆದು ಬಿಟ್ಟಿದ್ದರೆ ಅಷ್ಟೇ ಹೊತ್ತಿನಲ್ಲಿ ನೂರು ಮಿಲಿ ದಾಟುತ್ತಿತ್ತು.

ನಿಲ್ಲಿಸಿದ ಮೇಲೆ

ಕ್ಲಾಂಪ್ ಮುಚ್ಚಿದೆ, ಕ್ಯಾನುಲಾ ತೆಗೆಯಲಿಲ್ಲ. ಬಿಪಿ ಬಿದ್ದ ಮೇಲೆ ಮತ್ತೆ ನರ ಸಿಗುವುದು ಕಷ್ಟ. ಬ್ಲಡ್ ಸೆಟ್ಟನ್ನು ಕ್ಯಾನುಲಾದ ಬುಡದಲ್ಲೇ ಬಿಚ್ಚಿ, ಹೊಸ ಸೆಟ್‌ನಲ್ಲಿ ಹೊಸ ನಾರ್ಮಲ್ ಸಲೈನ್ ಹಾಕಿದೆ. ಹಳೇ ಸೆಟ್‌ಗೇ ಸಲೈನ್ ಜೋಡಿಸಿದರೆ ಕೊಳವೆಯಲ್ಲಿ ಉಳಿದ ರಕ್ತವೆಲ್ಲ ಒಳಗೆ ತಳ್ಳಿದಂತೆ. ಗಡಿಬಿಡಿಯಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಾರೆ. ಇನ್ನೊಂದು ಮಾತು. ರಕ್ತದ ಜೊತೆ ಹೋಗಬಹುದಾದ ದ್ರವ ನಾರ್ಮಲ್ ಸಲೈನ್ ಒಂದೇ. ಡೆಕ್ಸ್‌ಟ್ರೋಸ್ ಹಾಕಿದರೆ ಕಣ ಒಡೆಯುತ್ತವೆ, ರಿಂಗರ್ ಲ್ಯಾಕ್ಟೇಟ್‌ನಲ್ಲಿರುವ ಕ್ಯಾಲ್ಸಿಯಂನಿಂದ ಕೊಳವೆಯಲ್ಲೇ ಗಡ್ಡೆ ಕಟ್ಟಬಹುದು.

ಜ್ವರ 101.2. ನಾಡಿ 128. ಬಿಪಿ 86/54. ಆಕ್ಸಿಜನ್ ಹಾಕಿದೆವು. ಡ್ಯೂಟಿ ಡಾಕ್ಟರು ನಾಲ್ಕು ನಿಮಿಷದಲ್ಲಿ ಬಂದರು. "ಬೇರೆ ಗುಂಪಿನ ರಕ್ತ ಹೋಗಿದೆ ಡಾಕ್ಟ್ರೇ, ಸುಮಾರು 13 ನಿಮಿಷ" ಅಂತ ನೇರವಾಗಿ ಹೇಳಿದೆ. ಆ ವಾಕ್ಯ ಬಾಯಿಂದ ಹೊರಡುವಾಗ ಗಂಟಲು ಕಟ್ಟಿತು. ಆದರೆ ಆಗ "ಏನೋ ರಿಯಾಕ್ಷನ್ ಇರಬೇಕು" ಅಂತ ತೇಲಿಸಿದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತಿತ್ತು.

ಮೂತ್ರದ ಕ್ಯಾತಿಟರ್ ಹಾಕಿದೆವು. ಬಂದ ಮೂತ್ರ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ಕ್ಯಾತಿಟರ್‌ನಿಂದ ಬಂದದ್ದರಿಂದ ಹೆರಿಗೆಯ ರಕ್ತ ಬೆರೆತಿದೆ ಅನ್ನುವ ಅನುಮಾನ ಹೋಯಿತು. ಲ್ಯಾಬಿನಲ್ಲಿ ಅದನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ ನೋಡಿದರು. ಬರೀ ರಕ್ತ ಬೆರೆತ ಮೂತ್ರವಾದರೆ ಕಣಗಳು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ಇದು ತಿಳಿಯಾಗಲಿಲ್ಲ. ಕಣ ಒಡೆದಿವೆ ಅಂತ ಖಾತ್ರಿಯಾಯಿತು.

ಇನ್ನೊಂದು ಕೈಯಿಂದ ಹೊಸ ಸ್ಯಾಂಪಲ್ ತೆಗೆದೆವು, ಒಂದು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಮಾಡುವ) ಟ್ಯೂಬಿಗೆ, ಒಂದು ಪ್ಲೇನ್ ಟ್ಯೂಬಿಗೆ. ಉಳಿದ ರಕ್ತದ ಚೀಲ, ಸೆಟ್ ಸಮೇತ, ಮೂತ್ರದ ಸ್ಯಾಂಪಲ್, ರಿಯಾಕ್ಷನ್ ಫಾರಂ ಎಲ್ಲವೂ ಬ್ಲಡ್ ಬ್ಯಾಂಕಿಗೆ ಹೋದವು. ಚೀಲವನ್ನು ಕಸದ ಬುಟ್ಟಿಗೆ ಹಾಕಿದರೆ ಸಾಕ್ಷಿಯೂ ಹೋದಂತೆ. ಅಲ್ಲಿನ ಟೆಕ್ನಿಷಿಯನ್ ಗುಂಪು ಮತ್ತೆ ನೋಡಿದರು. ತಾಯಿ ಓ ಪಾಸಿಟಿವ್, ಚೀಲ ಬಿ ಪಾಸಿಟಿವ್. ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿದೆಯಾ ಅಂತ ನೋಡುವ ಡೈರೆಕ್ಟ್ ಕೂಂಬ್ಸ್ ಟೆಸ್ಟ್ ಪಾಸಿಟಿವ್.

ಆ ಟೆಕ್ನಿಷಿಯನ್ ಫೋನಿನಲ್ಲಿ ಕೇಳಿದ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. "ಸಿಸ್ಟರ್, ಇನ್ನೊಬ್ಬರಿಗೆ ಏನಾದ್ರೂ ಹಾಕ್ತಿದೀರಾ?" ನಮಗೆ ಅದು ಹೊಳೆದೇ ಇರಲಿಲ್ಲ. ಇಬ್ಬರ ನಡುವೆ ಅದಲುಬದಲಾದರೆ ಎರಡನೆಯವರೂ ಅಪಾಯದಲ್ಲಿರುತ್ತಾರೆ. ನಮ್ಮ ಅದೃಷ್ಟ, 7ನೇ ಹಾಸಿಗೆಯವರ ಚೀಲ ಇನ್ನೂ ಬಂದಿರಲಿಲ್ಲ. ವಾರ್ಡಿಗೆ ಆ ರಾತ್ರಿ ಹೋಗಬೇಕಿದ್ದ ಎಲ್ಲ ಚೀಲಗಳನ್ನೂ ಅವರು ತಡೆಹಿಡಿದರು. ಮಾದರಿಗಳನ್ನು ಮತ್ತೆ ಪರೀಕ್ಷೆ ಮಾಡಿದರು.

11.10ಕ್ಕೆ ಬಿಪಿ 104/66ಕ್ಕೆ ಬಂತು. ತಾಯಿಯನ್ನು ನಮ್ಮಲ್ಲೇ ಇದ್ದ ಐಸಿಯುಗೆ ಸೇರಿಸಿದೆವು. ಗಾಯದ ಪಟ್ಟಿ, ಪ್ಯಾಡು ಗಂಟೆಗೊಮ್ಮೆ ನೋಡಿದೆವು. ರಕ್ತಸ್ರಾವ ಆಗಲಿಲ್ಲ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 0.8 ಇದ್ದದ್ದು ಮೂರನೇ ದಿನಕ್ಕೆ 2.6 ಆಯಿತು. ಡಯಾಲಿಸಿಸ್ ಬೇಕಾಗಲಿಲ್ಲ. ಹನ್ನೊಂದನೇ ದಿನ 1.0.

ಮಧ್ಯರಾತ್ರಿ ಡಾಕ್ಟರು ಮತ್ತು ನಾನು ಅವರ ಗಂಡನನ್ನೂ ಅಮ್ಮನನ್ನೂ ಕೂರಿಸಿ ಹೇಳಿದೆವು. "ನಿಮ್ಮ ಮಗಳಿಗೆ ಬೇರೆಯವರಿಗೆ ಬಂದ ರಕ್ತ ಸ್ವಲ್ಪ ಹೋಗಿದೆ. ತಪ್ಪು ನಮ್ಮದು." ಗಂಡ ಕೂಗಾಡಿದರು. ಕೂಗಾಡಲೇಬೇಕು, ನಮ್ಮ ಮನೆಯವರಾಗಿದ್ದರೆ ನಾವೂ ಕೂಗಾಡುತ್ತಿದ್ದೆವು. ಆ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಮಗೀಗೆ ಅವಳ ಹಾಲು ಕುಡಿಸಬಹುದಾ ಸಿಸ್ಟರಮ್ಮ?" ಅಂತ ಕೇಳಿದರು. ಕುಡಿಸಬಹುದು ಅಂದೆವು. 11ನೇ ಹಾಸಿಗೆಯವರಿಗೂ ಹೇಳಬೇಕಿತ್ತು. ಆ ಚೀಲಕ್ಕೆ ಬದಲಿಯಾಗಿ ಅವರ ಗಂಡನ ತಮ್ಮ ಬ್ಲಡ್ ಬ್ಯಾಂಕಿಗೆ ರಕ್ತ ಕೊಟ್ಟಿದ್ದರು. ಅವರ ಸಿಟ್ಟೂ ನ್ಯಾಯವೇ. ಮರುದಿನ ಬೆಳಿಗ್ಗೆ ಬೇರೆ ಬಿ ಪಾಸಿಟಿವ್ ಚೀಲ ಬಂತು, ಹಗಲು ಹೊತ್ತಿನಲ್ಲೇ ಹಾಕಿದೆವು.

ಯಾರ ತಪ್ಪು ಅಂತ ಕೇಳಿದಾಗ

ವಿಚಾರಣೆ ನಡೆಯಿತು. ಮೊದಲ ದಿನ ಎಲ್ಲರ ಬೆರಳೂ ತಂಗಿಯ ಕಡೆಗೇ. ಮೆಮೊ ಕೊಟ್ಟು ಮುಗಿಸುವುದು ಸುಲಭ. ಅವಳು ತಪ್ಪು ಮಾಡಿದ್ದಾಳೆ, ಅದನ್ನು ಅವಳೂ ಅಲ್ಲಗಳೆಯಲಿಲ್ಲ. ಆದರೆ ಆ ರಾತ್ರಿ ಎಷ್ಟು ಜನ ಸೇರಿ ಆ ಚೀಲವನ್ನು 7ನೇ ಹಾಸಿಗೆಯವರೆಗೆ ಮುಟ್ಟಿಸಿದೆವು ಅಂತ ಲೆಕ್ಕ ಹಾಕಿ ನೋಡಿ. ಕೈಪಟ್ಟಿ ಕತ್ತರಿಸಿದವರು. ಹೊಸದು ಹಾಕದೆ ಎರಡು ದಿನ ಅದನ್ನು ನೋಡುತ್ತಾ ಓಡಾಡಿದ ನಾವೆಲ್ಲ. ಒಂದೇ ಹೆಸರಿನವರು ಇಬ್ಬರಿದ್ದಾರೆ ಅಂತ ಎಲ್ಲೂ ಬರೆಯದ ವಾರ್ಡು. ಬರೀ ಹೆಸರಿನಲ್ಲಿ ಹ್ಯಾಂಡ್‌ಓವರ್ ಕೊಟ್ಟವರು. ತುರ್ತು ಅಲ್ಲದ ರಕ್ತವನ್ನು, ಇಬ್ಬರೇ ಇರುವ ರಾತ್ರಿ ಪಾಳಿಗೆ ಬಿಟ್ಟ ನಿರ್ಧಾರ. 11ನೇ ಹಾಸಿಗೆಯವರಿಗೆ ಆ ಹೊತ್ತಿನಲ್ಲಿ ರಕ್ತಸ್ರಾವ ಇರಲಿಲ್ಲ, ಬೆಳಿಗ್ಗೆಯವರೆಗೆ ಕಾಯಬಹುದಿತ್ತು. ಮತ್ತು ಮೇಜಿನ ಬಳಿ ಕೂತು ಸಹಿ ಹಾಕಿದ ನಾನು. ಎರಡನೇ ಸಹಿ ಇರುವುದು ಮೊದಲನೆಯವರ ತಪ್ಪು ಹಿಡಿಯಲಿಕ್ಕೆ. ನನ್ನ ಸಹಿ ಅವಳಿಗೆ ಧೈರ್ಯ ಕೊಟ್ಟಿತೇ ಹೊರತು ಏನನ್ನೂ ಹಿಡಿಯಲಿಲ್ಲ.

ಪ್ರಕರಣವನ್ನು ಹಿಮೋವಿಜಿಲೆನ್ಸ್‌ಗೆ, ಅಂದರೆ ರಕ್ತ ಹಾಕುವಾಗ ಆಗುವ ತೊಂದರೆಗಳ ವರದಿ ಸೇರಿಸುವ ಕಾರ್ಯಕ್ರಮಕ್ಕೆ, ವರದಿ ಮಾಡಿದೆವು. ಭಾರತದಲ್ಲಿ ಈ ಕಾರ್ಯಕ್ರಮ 2012ರ ಡಿಸೆಂಬರ್ 10ರಂದು ಶುರುವಾಗಿದೆ. ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯೋಲಾಜಿಕಲ್ಸ್ ನೋಡಿಕೊಳ್ಳುತ್ತದೆ. ಅಲ್ಲಿಗೆ ಹೋಗುವ ವರದಿ ಯಾರನ್ನೂ ಶಿಕ್ಷಿಸಲಿಕ್ಕಲ್ಲ. ಬ್ರಿಟನ್ನಿನಲ್ಲಿ 1996ರಿಂದ ಇಂಥ ವರದಿ ಸೇರಿಸುತ್ತಿದ್ದಾರೆ. ವರ್ಷದಿಂದ ವರ್ಷಕ್ಕೆ ಅಲ್ಲಿ ಕಾಣುವುದು ಒಂದೇ: ಹೆಚ್ಚಿನ ಘಟನೆಗಳ ಹಿಂದೆ ಇರುವುದು ಮನುಷ್ಯರ ಕೈತಪ್ಪು, ರಕ್ತದ ದೋಷ ಅಲ್ಲ. ನಮ್ಮಲ್ಲಿ ಸಣ್ಣ ರಿಯಾಕ್ಷನ್ ಆದರೆ ಏವಿಲ್ ಕೊಟ್ಟು ಮುಚ್ಚಿಹಾಕುವವರು ಜಾಸ್ತಿ. ಮೆಮೊ ಭಯ ಇರುವವರೆಗೆ ಅದು ಹಾಗೇ ಇರುತ್ತದೆ.

ಆಮೇಲೆ ವಾರ್ಡಿನಲ್ಲಿ ಕೆಲವು ಬದಲಾವಣೆ ಆಯಿತು. ಮೇಜಿನ ಬಳಿ ಸಹಿ ಹಾಕುವುದು ನಿಂತಿತು. ಇಬ್ಬರೂ ಹಾಸಿಗೆ ಬಳಿ ಹೋಗಬೇಕು. ಒಬ್ಬರು ಕೈಪಟ್ಟಿ ಓದಬೇಕು, ಇನ್ನೊಬ್ಬರು ಚೀಲ ನೋಡಬೇಕು, ಹೆಸರು ರೋಗಿಯ ಬಾಯಿಂದಲೇ ಬರಬೇಕು. ಪಟ್ಟಿ ಇಲ್ಲದಿದ್ದರೆ ರಕ್ತ ಇಲ್ಲ. ಒಂದೇ ಹೆಸರಿನವರಿದ್ದರೆ ಇಬ್ಬರ ಕೇಸ್ ಶೀಟಿಗೂ ಕೆಂಪು ಚೀಟಿ. ಚೀಲಗಳು ಒಂದೊಂದೇ ಬರಬೇಕು. ರಕ್ತ ಶುರುವಾದ ಹಾಸಿಗೆ ಪಕ್ಕ ಒಂದು ಸ್ಟೂಲ್ ಹಾಕಿಸಿದೆ. ಮೊದಲ 15 ನಿಮಿಷ ಅಲ್ಲಿ ಒಬ್ಬರು ಕೂರಬೇಕು. ಸ್ಟೂಲ್ ಮೇಲೆ ಕೂತವರನ್ನು ಯಾರೂ ಕರೆಯುವಂತಿಲ್ಲ. ಕೇಳಲು ಸಣ್ಣ ವಿಷಯ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಸ್ಟೂಲ್. ನಿಂತವರನ್ನು ಯಾರಾದರೂ ಕರೆಯುತ್ತಾರೆ. ಕೂತವರನ್ನು ಕಂಡರೆ ಜನಕ್ಕೂ ಗೊತ್ತಾಗುತ್ತದೆ, ಇವರು ಒಂದು ಕೆಲಸದಲ್ಲಿದ್ದಾರೆ ಅಂತ.

ಇನ್ನೊಂದು ಗುರುತಿಗೆ ಅಂತ ಗಂಡನ ಹೆಸರನ್ನೂ ಕೇಳತೊಡಗಿದೆವು, ಅದರಲ್ಲಿ ಒಂದು ತೊಡಕು ಎದುರಾಯಿತು. ಹಳ್ಳಿ ಕಡೆಯ ಕೆಲವರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ನಾಚಿಕೊಂಡು ಪಕ್ಕದವರ ಮುಖ ನೋಡುತ್ತಾರೆ, ಪಕ್ಕದವರು ಹೇಳುತ್ತಾರೆ, ಇವರು ಹೂಂ ಅನ್ನುತ್ತಾರೆ. ಮತ್ತೆ ಅದೇ ಹೂಂ. ಅದಕ್ಕೇ ಈಗ ಊರು, ವಯಸ್ಸು ಕೇಳುತ್ತೇವೆ, ಪಟ್ಟಿಯ ನಂಬರನ್ನು ತಾಯಿ ಕಾರ್ಡಿಗೂ ಹೊಂದಿಸಿ ನೋಡುತ್ತೇವೆ.

ಎರಡನೇ ಸಲ

7ನೇ ಹಾಸಿಗೆಯವರಿಗೆ ರಕ್ತ ಇನ್ನೂ ಬೇಕಾಗಿತ್ತು. ಹಿಮೋಗ್ಲೋಬಿನ್ 5.9ಕ್ಕೆ ಇಳಿದಿತ್ತು. ಅವರು ಒಪ್ಪಲಿಲ್ಲ. ಬಲವಂತ ಮಾಡಲಿಲ್ಲ. ಡಾಕ್ಟರು ಎರಡು ಸಲ ಕೂತು ವಿವರಿಸಿದರು. ನಾಲ್ಕನೇ ದಿನ ಬೆಳಿಗ್ಗೆ ಅವರೇ ಹೇಳಿಕಳಿಸಿದರು, ಹಾಕಿಸ್ಕೋತೀನಿ ಅಂತ. ಒಂದು ಷರತ್ತಿನ ಮೇಲೆ: "ಆ ರಾತ್ರಿ ಓಡಿ ಬಂದ ಸಿಸ್ಟರ್ ಇರಬೇಕು." ತಂಗಿ ತಾನೂ ಬಂದು ಕ್ಷಮೆ ಕೇಳಬೇಕು ಅಂದಳು. ಅವರ ಅಮ್ಮ, "ಆ ಹುಡ್ಗಿ ಈಗ ಬ್ಯಾಡ" ಅಂದರು. ಅವಳು ಬಾಗಿಲ ಆಚೆಯೇ ನಿಂತಳು.

ಬೆಳಿಗ್ಗೆ 11 ಗಂಟೆ. ಐಸಿಯು ಸಿಸ್ಟರ್ ಕೈಪಟ್ಟಿ ಹಿಡಿದುಕೊಂಡರು, ನಾನು ಚೀಲ ಹಿಡಿದುಕೊಂಡೆ. "ನಿಮ್ಮ ಹೆಸರು ಹೇಳಿ" ಅಂದೆ. ಹೇಳಿದರು. "ಯಾವ ಊರು?" ಹೇಳಿದರು. ಐಪಿ ನಂಬರನ್ನು ಐಸಿಯು ಸಿಸ್ಟರ್ ಒಂದೊಂದೇ ಅಂಕಿಯಾಗಿ ಓದಿದರು, ನಾನು ಚೀಟಿಯಲ್ಲಿ ಬೆರಳಿಟ್ಟು ನೋಡಿದೆ. ಗುಂಪು ಓದುವ ಮೊದಲೇ ಆ ತಾಯಿ, "ನಂದು ಓ ಪಾಸಿಟಿವ್, ಸರಿಯಾಗಿ ನೋಡಿ" ಅಂದರು. ಚೀಲವನ್ನು ಅವರ ಕಣ್ಣ ಹತ್ತಿರ ಹಿಡಿದು ತೋರಿಸಿದೆ. ಅಲ್ಲೇ ನಿಂತು ಸಹಿ ಹಾಕಿದೆವು.

ಸ್ಟೂಲ್ ಎಳೆದು ಕೂತೆ. ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟಿದ್ದೆ. ಹತ್ತನೇ ನಿಮಿಷಕ್ಕೆ "ಕೈ ತಣ್ಣಗಾಗ್ತಿದೆ ಸಿಸ್ಟರ್" ಅಂದರು. ಕ್ಲಾಂಪ್ ಮುಚ್ಚಿದೆ. ಜ್ವರ ನೋಡಿದೆ, 98.6. ನಾಡಿ 92. ಬಿಪಿ ಮೊದಲಿನಷ್ಟೇ. ಸೊಂಟ ನೋವಿಲ್ಲ, ಉರಿ ಇಲ್ಲ. ಡಾಕ್ಟರು ಬಂದು ನೋಡಿದರು. ಫ್ರಿಜ್‌ನಿಂದ ಬಂದ ರಕ್ತದ ತಂಪು ಅಷ್ಟೇ. ಮತ್ತೆ ತೆರೆಯಲಾ ಅಂತ ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಚೀಲವನ್ನೇ ನೋಡಿ, "ತೆರೀರಿ" ಅಂದರು.

15 ನಿಮಿಷಕ್ಕೆ ಒಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡಿದೆ. ಮಧ್ಯಾಹ್ನ 2 ಗಂಟೆ 5 ನಿಮಿಷಕ್ಕೆ ಚೀಲ ಖಾಲಿಯಾಯಿತು. ಜ್ವರ ಇಲ್ಲ. ನಾಡಿ 88, ಬಿಪಿ 114/72. ಕ್ಯಾತಿಟರ್ ಚೀಲದಲ್ಲಿ ಮೂತ್ರ ತಿಳಿ ಹಳದಿ. ಅಷ್ಟನ್ನೂ ಅಲ್ಲೇ ಕೂತು ಬರೆದೆ.